ಬಾನೆಟ್ ಲಾಕ್ ಮತ್ತು ರಸ್ತೆಯಲ್ಲಿ ನಡೆಯುವವರು: ಕಾರಿಟ್ಟುಕೊಂಡವರಿಗೆ ಒಂದು ಸಮಗ್ರ ಮಾರ್ಗದರ್ಶಿ

ರಾಗಿ ಒಕ್ಕಣೆಯ ಕಾಲ. ಮಧುಗಿರಿ ಕಡೆಯಿಂದ ತುಮಕೂರಿಗೆ ಬರುತ್ತಿದ್ದ ಗಿರಾಕಿಯೊಬ್ಬರ ಕಾರಿನ ಬಾನೆಟ್ ಓಡುತ್ತಿರುವಾಗಲೇ ಎರಡು ಬೆರಳಷ್ಟು ಮೇಲೆದ್ದು ಪಟಪಟ ಬಡಿದುಕೊಳ್ಳತೊಡಗಿತು. ಅವರು ಗಾಬರಿಬಿದ್ದು ಎಡಕ್ಕೆ ನಿಲ್ಲಿಸಿ ನನಗೆ ಫೋನ್ ಮಾಡಿದರು. ಶೆಡ್‌ಗೆ ತಂದು ನೋಡಿದರೆ ಲಾಕ್‌ನ ಒಳಗೆಲ್ಲಾ ರಾಗಿ ಹೊಟ್ಟು, ಹುರುಳಿ ಕಡ್ಡಿ, ಅದರ ಮೇಲೆ ಹಳೇ ಗ್ರೀಸ್ ಸೇರಿ ಗಟ್ಟಿಯಾದ ಕೆಸರು. ನಮ್ಮ ಕಡೆ ತೆನೆಯನ್ನು ರಸ್ತೆಗೆ ಹರಡಿ ಗಾಡಿ ಓಡಾಟದಲ್ಲೇ ಒಕ್ಕಣೆ ಮುಗಿಸುವವರು ಇನ್ನೂ ಇದ್ದಾರೆ. ಹದಿನೈದು ದಿನ ಅದರ ಮೇಲೆ ಓಡಾಡಿದ ಕಾರು ಅದು. ಮುಖ್ಯ ಲಾಕ್ ಅರ್ಧ ಮಾತ್ರ ಕಚ್ಚಿಕೊಂಡಿತ್ತು. ಅವರನ್ನು ಉಳಿಸಿದ್ದು ಎರಡನೇ ಕೊಕ್ಕೆ.

ಅದನ್ನು ತೊಳೆಯುತ್ತಾ ಕೂತಾಗ ನನಗೆ ಬಂದ ಯೋಚನೆ ಒಳಗೆ ಕೂತವರದ್ದಲ್ಲ, ಹೊರಗೆ ನಡೆಯುವವರದ್ದು. ಕಾರಿಗೆ ಮಗು ಸಿಕ್ಕಿಕೊಂಡರೆ ಅದರ ತಲೆ ಬಂದು ಬೀಳುವ ಜಾಗವೂ ಈ ಲಾಕ್ ಕೂತಿರುವ ಜಾಗವೂ ಹೆಚ್ಚುಕಡಿಮೆ ಒಂದೇ. ಕ್ಯಾತ್ಸಂದ್ರದಲ್ಲಿ ಹೆದ್ದಾರಿ 48 ದಾಟುವವರನ್ನು, ಸಿದ್ಧಗಂಗೆ ಜಾತ್ರೆಯ ದಿನಗಳಲ್ಲಿ ರಸ್ತೆ ಅಂಚಿನಲ್ಲಿ ಗುಂಪುಗುಂಪಾಗಿ ನಡೆದು ಬರುವ ಮಕ್ಕಳು ಮರಿಯನ್ನು ನೋಡಿದವರಿಗೆ ಇದು ದೂರದ ಮಾತು ಅನಿಸುವುದಿಲ್ಲ. ಬಾನೆಟ್ ಅಂದರೆ ಎಂಜಿನ್ ಮುಚ್ಚುವ ತಗಡು ಅಷ್ಟೇ ಅಂದುಕೊಂಡಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಒಂದು ಭಾನುವಾರದ ಬೆಳಗ್ಗೆ ಸಾಕು. ಅಳತೆ ಟೇಪ್, ಟಾರ್ಚ್, ಉದ್ದನೆಯ ಸ್ಕ್ರೂಡ್ರೈವರ್, ಹಳೇ ಹಲ್ಲುಜ್ಜುವ ಬ್ರಷ್, ಮಕ್ಕಳು ಆಡುವ ಬಣ್ಣದ ಕ್ಲೇ, ಬಿಳಿ ಲಿಥಿಯಂ ಗ್ರೀಸ್ ಇಷ್ಟು ಇಟ್ಟುಕೊಳ್ಳಿ.

ಲಾಕ್ ಒಳಗೆ ಏನಿದೆ

ಬಾನೆಟ್ ಎತ್ತಿ ಅದರ ಮುಂದಿನ ಅಂಚಿನ ಕೆಳಗೆ ನೋಡಿ. ದಪ್ಪ ಕಂಬಿಯನ್ನು ಬಾಗಿಸಿ ಮಾಡಿದ ಬಳೆಯಂಥದ್ದು ಕಾಣುತ್ತದೆ. ಅದು ಸ್ಟ್ರೈಕರ್. ಅದಕ್ಕೆ ನೇರ ಕೆಳಗೆ, ರೇಡಿಯೇಟರ್ ಮೇಲಿನ ಅಡ್ಡಪಟ್ಟಿಯಲ್ಲಿ ಲಾಕ್ ಕೂತಿರುತ್ತದೆ. ಅದರೊಳಗೆ ತಿರುಗುವ ಒಂದು ಕವೆ. ಸ್ಟ್ರೈಕರ್ ಇಳಿದಾಗ ಕವೆ ತಿರುಗಿ ಅದನ್ನು ತಬ್ಬಿಕೊಳ್ಳುತ್ತದೆ, ಕವೆ ಹಿಂದಕ್ಕೆ ತಿರುಗದಂತೆ ಪಕ್ಕದ ಒಂದು ಹಲ್ಲು ಬಂದು ತಡೆಯುತ್ತದೆ. ಡ್ರೈವರ್ ಕಾಲಿನ ಹತ್ತಿರದ ಲಿವರ್ ಎಳೆದರೆ ಕೇಬಲ್ ಆ ಹಲ್ಲನ್ನು ಸರಿಸುತ್ತದೆ, ಸ್ಪ್ರಿಂಗ್ ಬಾನೆಟ್ಟನ್ನು ಸ್ವಲ್ಪ ಮೇಲೆ ತಳ್ಳುತ್ತದೆ. ಆಗಲೂ ಅದು ಪೂರ್ತಿ ತೆರೆಯುವುದಿಲ್ಲ, ಎರಡನೇ ಕೊಕ್ಕೆ ಹಿಡಿದಿರುತ್ತದೆ. ನಾವು ಬೆರಳು ತೂರಿಸಿ ಒತ್ತುವುದು ಆ ಕೊಕ್ಕೆಯ ಲಿವರ್ ಅನ್ನು.

ಮುಂದಿನಿಂದ ತೆರೆಯುವ ಬಾನೆಟ್‌ಗೆ ಎರಡನೇ ಹಿಡಿತ ಇರಲೇಬೇಕು ಎಂದು ಅಮೆರಿಕದ 113ನೇ ವಾಹನ ಸುರಕ್ಷತಾ ಮಾನದಂಡ ಹೇಳುತ್ತದೆ. ಈ ಕೊಕ್ಕೆ ಎಷ್ಟು ಸಣ್ಣದೋ ಅಷ್ಟೇ ನಾಜೂಕು. 2013ರಿಂದ 2018ರವರೆಗಿನ ನಿಸ್ಸಾನ್ ಆಲ್ಟಿಮಾ ಕಾರುಗಳನ್ನು ಅಲ್ಲಿ ವಾಪಸ್ ಕರೆಸಿಕೊಳ್ಳಬೇಕಾಯಿತು. ಕೊಕ್ಕೆಯ ಬಣ್ಣ ಎದ್ದು, ತುಕ್ಕು ಹಿಡಿದು, ಅದು ತೆರೆದ ಸ್ಥಿತಿಯಲ್ಲೇ ಅಂಟಿಕೊಳ್ಳಬಹುದು ಎಂಬುದು ಕಾರಣ. ಅಲ್ಲಿ ತುಕ್ಕು ಮಾಡಿದ ಕೆಲಸವನ್ನು ನಮ್ಮ ಪಾವಗಡ, ಶಿರಾ ಕಡೆಯ ಧೂಳು ಮಾಡಬಲ್ಲದು.

ಡಿಕ್ಕಿಯಾದ ಆ ಕ್ಷಣದಲ್ಲಿ

ನಡೆದು ಹೋಗುವವರಿಗೆ ಕಾರು ತಾಗಿದಾಗ ಮೊದಲ ಪೆಟ್ಟು ಬಂಪರ್‌ನಿಂದ ಕಾಲಿಗೆ. ಕಾಲು ಮುಂದಕ್ಕೆ ಹೋದಂತೆ ಮೈ ಕಾರಿನ ಮೇಲೆ ಮಡಚಿ ಬೀಳುತ್ತದೆ. ಸೊಂಟ ಬಾನೆಟ್ ಅಂಚಿಗೆ, ಕೊನೆಗೆ ತಲೆ ಬಾನೆಟ್ ಮೇಲಕ್ಕೆ. ಎತ್ತರದವರ ತಲೆ ಹಿಂದೆ, ಗಾಜಿನ ಹತ್ತಿರ ಬೀಳುತ್ತದೆ. ಮಕ್ಕಳದ್ದು ಮುಂದೆಯೇ.

ಬಾನೆಟ್ ತಗಡು ತೆಳ್ಳಗಿದೆ ಎಂದು ಗಿರಾಕಿಗಳು ಬೈಯುತ್ತಾರೆ. ತೆಳ್ಳಗಿರುವುದೇ ಒಳ್ಳೆಯದು. ತಗಡು ತಗ್ಗಾದಷ್ಟೂ ತಲೆ ನಿಧಾನವಾಗಿ ನಿಲ್ಲುತ್ತದೆ. ಲೆಕ್ಕ ಹಾಕಿ ನೋಡೋಣ. ಗಂಟೆಗೆ 35 ಕಿ.ಮೀ. ವೇಗದಲ್ಲಿ ಬಂದ ತಲೆ 7 ಸೆಂ.ಮೀ. ತಗ್ಗಿನೊಳಗೆ ಒಂದೇ ಸಮನಾಗಿ ನಿಂತರೆ ಅದರ ಮೇಲೆ ಬೀಳುವ ಬಲ ಗುರುತ್ವದ ಸುಮಾರು 70 ಪಟ್ಟು. ಅದೇ ತಲೆ 2 ಸೆಂ.ಮೀ. ತಗ್ಗಿದ ಕೂಡಲೇ ಕೆಳಗಿರುವ ಬ್ಯಾಟರಿಗೋ ಕಬ್ಬಿಣಕ್ಕೋ ತಾಗಿ ನಿಂತರೆ ಸುಮಾರು 240 ಪಟ್ಟು. ಬದುಕಿಗೂ ಸಾವಿಗೂ ನಡುವೆ ಇರುವುದು ಈ 5 ಸೆಂ.ಮೀ. ಖಾಲಿ ಜಾಗ.

ಇದನ್ನೇ ಪರೀಕ್ಷಿಸಲು ವಿಶ್ವಸಂಸ್ಥೆಯಡಿ 2008ರಲ್ಲಿ ಒಪ್ಪಿದ ಜಾಗತಿಕ ತಾಂತ್ರಿಕ ನಿಯಮ 9ರಲ್ಲಿ ಮಗುವಿನ ತಲೆಗೆ ಬದಲಾಗಿ 3.5 ಕಿಲೋ, ದೊಡ್ಡವರ ತಲೆಗೆ ಬದಲಾಗಿ 4.5 ಕಿಲೋ ತೂಕದ ಗುಂಡನ್ನು 35 ಕಿ.ಮೀ. ವೇಗದಲ್ಲಿ ಬಾನೆಟ್‌ಗೆ ಎಸೆಯುತ್ತಾರೆ. ನಮ್ಮ ದೇಶದಲ್ಲಿ ಪಾದಚಾರಿ ರಕ್ಷಣೆಗಿರುವ ಮಾನದಂಡದ ಹೆಸರು ಎಐಎಸ್–100. 2023ರಲ್ಲಿ ಆರಂಭವಾದ, ಕಾರುಗಳ ಸುರಕ್ಷತೆಗೆ ಸ್ಟಾರ್ ಕೊಡುವ ಭಾರತ್ ಎನ್‌ಕ್ಯಾಪ್‌ನಲ್ಲಿ 3 ಸ್ಟಾರ್ ಅಥವಾ ಅದಕ್ಕಿಂತ ಮೇಲೆ ಪಡೆಯಬೇಕಾದ ಕಾರು ಇದನ್ನು ಪಾಲಿಸಿರಬೇಕು.

ಲಾಕ್ ವಿನ್ಯಾಸ ಮಾಡುವವರ ಕಷ್ಟ ಇಲ್ಲಿದೆ. ಗಾಳಿಯ ಒತ್ತಡಕ್ಕೆ ಬಿಚ್ಚಿಕೊಳ್ಳದಷ್ಟು ಗಟ್ಟಿ ಇರಬೇಕು, ತಲೆ ಬಿದ್ದರೆ ಬಗ್ಗುವಷ್ಟು ಮೆತ್ತಗೂ ಇರಬೇಕು. ಅದಕ್ಕೇ ಲಾಕ್ ಅನ್ನು ಆದಷ್ಟು ಕೆಳಗೆ ಕೂರಿಸುತ್ತಾರೆ, ಸ್ಟ್ರೈಕರ್ ಹಿಡಿದಿರುವ ಪಟ್ಟಿಯನ್ನು ಒತ್ತಿದರೆ ಮಡಚುವಂತೆ ಮಾಡುತ್ತಾರೆ, ಅಡ್ಡಪಟ್ಟಿಯ ಬ್ರಾಕೆಟ್‌ಗಳಲ್ಲಿ ಬೇಕೆಂದೇ ತೂತು, ಮಡಿಕೆ ಬಿಡುತ್ತಾರೆ. ಅದು ಕಳಪೆ ಕೆಲಸವಲ್ಲ.

ಹೆಜ್ಜೆ 1: ಟೇಪ್ ಹಿಡಿದು ನಿಮ್ಮ ಕಾರಿನ ನಕ್ಷೆ ಮಾಡಿಕೊಳ್ಳಿ

ಸಮತಟ್ಟು ನೆಲದಲ್ಲಿ ಕಾರು ನಿಲ್ಲಿಸಿ. ಟೇಪಿನ ಸೊನ್ನೆ ತುದಿಯನ್ನು ಬಂಪರ್ ಮೂತಿಯ ನೇರ ಕೆಳಗೆ ನೆಲಕ್ಕೆ ಒತ್ತಿ, ಬಂಪರ್ ತಾಗಿಸಿ ಮೇಲಕ್ಕೆ ತಂದು ಬಾನೆಟ್ ಮೇಲೆ ಹಾಸುತ್ತಾ ಗಾಜಿನ ತನಕ ಒಯ್ಯಿರಿ. 1 ಮೀಟರ್, 1.7 ಮೀಟರ್, 2.1 ಮೀಟರ್ ಗುರುತುಗಳಿಗೆ ಬಣ್ಣದ ಟೇಪ್ ಅಂಟಿಸಿ. ಪರೀಕ್ಷೆಯಲ್ಲಿ 1ರಿಂದ 1.7 ಮೀಟರ್‌ವರೆಗಿನದು ಮಗುವಿನ ತಲೆಯ ವಲಯ, ಅಲ್ಲಿಂದ 2.1ರವರೆಗೆ ದೊಡ್ಡವರದು.

ಸಣ್ಣ ಕಾರುಗಳಲ್ಲಿ 1 ಮೀಟರ್ ಗುರುತು ಬಾನೆಟ್‌ನ ಮುಂದಿನ ಅಂಚಿನ ಆಸುಪಾಸಿಗೇ ಬರುತ್ತದೆ. ಅಂದರೆ ಲಾಕ್, ಹಾರನ್, ರೇಡಿಯೇಟರ್ ಮೇಲಿನ ಪಟ್ಟಿ ಎಲ್ಲವೂ ಮಗುವಿನ ವಲಯದ ಬಾಗಿಲಲ್ಲಿ. ಮನೆಯ ಮಕ್ಕಳನ್ನು ಕಾರಿನ ಮುಂದೆ ನಿಲ್ಲಿಸಿ ಅವರ ತಲೆ ಎಲ್ಲಿಗೆ ಬರುತ್ತದೆ ಎಂದು ಒಮ್ಮೆ ನೋಡಿ. ಆಮೇಲೆ ಈ ಕೆಲಸ ಬೇರೆ ಯಾರೂ ಹೇಳಿ ಮಾಡಿಸಬೇಕಾಗಿಲ್ಲ.

ಹೆಜ್ಜೆ 2: ಲಾಕ್ ತೊಳೆಯುವುದು

ಎಂಜಿನ್ ಆರಿ ತಣ್ಣಗಾಗಿರಲಿ. ಬಾನೆಟ್ ಎತ್ತಿ ಅದಕ್ಕೆ ಆಸರೆಯ ಕಡ್ಡಿ ಸರಿಯಾಗಿ ಕೊಟ್ಟಿದ್ದೀರಾ ನೋಡಿ. ಮೊದಲು ಒಣ ಬ್ರಷ್‌ನಿಂದ ಹೊಟ್ಟು, ಧೂಳು ಉದುರಿಸಿ. ನೀರು ಪಂಪಿನಲ್ಲಿ ಹೊಡೆಯಬೇಡಿ, ಹೊಟ್ಟು ಇನ್ನೂ ಒಳಕ್ಕೆ ಹೋಗುತ್ತದೆ, ಹಾರನ್ ವೈರಿಗೂ ಒಳ್ಳೆಯದಲ್ಲ. ಹಳೇ ಗ್ರೀಸ್ ಕರಗಲು ಡಬ್ಲ್ಯುಡಿ–40 ಥರದ ಸ್ಪ್ರೇ ಹೊಡೆದು ಹತ್ತು ನಿಮಿಷ ಬಿಟ್ಟು, ಕವೆ, ಹಲ್ಲು, ಕೊಕ್ಕೆಯ ಕೀಲು ಮೂರನ್ನೂ ಬ್ರಷ್‌ನಿಂದ ಉಜ್ಜಿ, ಬಟ್ಟೆಯಲ್ಲಿ ಒರೆಸಿ. ಆ ಸ್ಪ್ರೇ ತೊಳೆಯುವುದಕ್ಕೆ ಮಾತ್ರ. ಅದನ್ನೇ ಎಣ್ಣೆ ಅಂದುಕೊಂಡು ಬಿಟ್ಟರೆ ವಾರದಲ್ಲಿ ಆರಿಹೋಗುತ್ತದೆ.

ಒಣಗಿದ ಮೇಲೆ ಲಿಥಿಯಂ ಗ್ರೀಸನ್ನು ಕಡಲೆಕಾಳಿನಷ್ಟು ಕವೆಗೆ, ಅಷ್ಟೇ ಕೊಕ್ಕೆಯ ಕೀಲಿಗೆ, ತೆಳ್ಳಗೆ ಸ್ಟ್ರೈಕರ್‌ಗೆ ಸವರಿ. ಹೆಚ್ಚಾದದ್ದನ್ನು ಒರೆಸಲೇಬೇಕು. ನಮ್ಮ ಜಿಲ್ಲೆಯ ಧೂಳಿಗೆ ದಪ್ಪ ಗ್ರೀಸ್ ಅಂದರೆ ಬೆಲ್ಲಕ್ಕೆ ಇರುವೆ ಇದ್ದಂತೆ. ವರ್ಷಕ್ಕೆ ಎರಡು ಸಲ ಸಾಕು, ಅದರಲ್ಲಿ ಒಂದು ಒಕ್ಕಣೆ ಮುಗಿದ ಮೇಲೆ, ಸಂಕ್ರಾಂತಿಯ ಹೊತ್ತಿಗೆ.

ಹೆಜ್ಜೆ 3: ಬಾನೆಟ್ ಮುಚ್ಚದೆಯೇ ಲಾಕ್ ಪರೀಕ್ಷೆ

ಸ್ಕ್ರೂಡ್ರೈವರ್‌ನಿಂದ ಕವೆಯನ್ನು ಕೆಳಕ್ಕೆ, ಸ್ಟ್ರೈಕರ್ ಒತ್ತುವ ದಿಕ್ಕಿನಲ್ಲಿ ಒತ್ತಿ. ಟಕ್ ಎಂದು ಕೂರಬೇಕು, ಕೈ ಬಿಟ್ಟರೆ ವಾಪಸ್ ಬರಬಾರದು. ಈಗ ಒಳಗಿನ ಲಿವರ್ ಎಳೆಯಿರಿ. ಕವೆ ತಟ್ಟನೆ ತೆರೆದುಕೊಳ್ಳಬೇಕು. ಹತ್ತು ಸಲ ಮಾಡಿ. ಒಂಬತ್ತು ಸಲ ಸರಿಯಾಗಿ ಒಂದು ಸಲ ತಡವರಿಸಿದರೂ ಲಾಕ್ ಬದಲಿಸುವ ಸಮಯ ಬಂದಿದೆ ಎಂದೇ ನನ್ನ ಲೆಕ್ಕ.

ಮುಗಿಸಿದ ಮೇಲೆ ಕವೆ ತೆರೆದಿದೆ ಎಂದು ಕಣ್ಣಾರೆ ನೋಡಿ. ಕವೆ ಮುಚ್ಚಿರುವಾಗಲೇ ಬಾನೆಟ್ ಬಿಟ್ಟರೆ ಸ್ಟ್ರೈಕರ್ ಅದರ ನೆತ್ತಿಗೆ ಬಡಿದು ಎರಡೂ ಹಾಳಾಗುತ್ತವೆ.

ಕೊಕ್ಕೆಯ ಪರೀಕ್ಷೆ ಇನ್ನೂ ಮುಖ್ಯ. ಅದರ ಲಿವರ್ ಅನ್ನು ಬೆರಳಲ್ಲಿ ಪಕ್ಕಕ್ಕೆ ಎಳೆದು ನಿಧಾನವಾಗಿ ಬಿಡಿ. ತಾನಾಗಿಯೇ ಪೂರ್ತಿ ಹಿಂದಕ್ಕೆ ಬರಬೇಕು. ನಾವು ತಳ್ಳಿದ ಮೇಲೆ ಬರುವ ಕೊಕ್ಕೆ ಕೊಕ್ಕೆಯೇ ಅಲ್ಲ. ಆಮೇಲೆ ಬಾನೆಟ್ ಮುಚ್ಚಿ, ಒಳಗಿನ ಲಿವರ್ ಎಳೆದು, ಕೊಕ್ಕೆ ಮುಟ್ಟದೆ ಬಾನೆಟ್ಟನ್ನು ಎರಡೂ ಕೈಯಿಂದ ಮೇಲಕ್ಕೆ ಎತ್ತಿ ನೋಡಿ. ಜಗ್ಗಬಾರದು.

ಒಳಗಿನ ಲಿವರ್ ಸಡಿಲವಾಗಿ ಜೋತಾಡುತ್ತಿದ್ದರೆ ಕೇಬಲ್ ಪೂರ್ತಿ ಉದ್ದಕ್ಕೂ ಟಾರ್ಚ್ ಹಾಕಿ ನೋಡಿ. ತೋಟದ ಮನೆಯಲ್ಲಿ ಕಾರು ನಿಲ್ಲಿಸುವವರ ಕೇಬಲ್ ಕವಚವನ್ನು ಇಲಿ ಕಡಿದಿರುವುದು ನನ್ನ ಶೆಡ್‌ನಲ್ಲಿ ಮಾಮೂಲು. ಬಿಟ್ಟುಹೋದ ಕೇಬಲ್‌ಗೆ ತಂತಿ ಕಟ್ಟಿ ಗ್ರಿಲ್‌ನಿಂದ ಹೊರಗೆ ತಂದುಕೊಳ್ಳುವವರಿದ್ದಾರೆ. ದಯವಿಟ್ಟು ಬೇಡ, ಅದು ಯಾವುದಕ್ಕಾದರೂ ಸಿಕ್ಕಿ ಎಳೆದರೆ ಓಡುವಾಗಲೇ ಲಾಕ್ ಬಿಚ್ಚಿಕೊಳ್ಳುತ್ತದೆ.

ಹೆಜ್ಜೆ 4: ಮುಚ್ಚುವ ರೀತಿ, ರಬ್ಬರ್ ಗುಬ್ಬಿಗಳು

ಕಡ್ಡಿ ಕೊಡುವ ಬಾನೆಟ್ ಆದರೆ ಸುಮಾರು ಒಂದು ಗೇಣು ಎತ್ತರದಿಂದ ಕೈ ಬಿಡಿ, ತನ್ನ ತೂಕಕ್ಕೆ ಅದೇ ಕೂರುತ್ತದೆ. ಅಂಗೈಯಿಂದ ಒತ್ತಿ ಒತ್ತಿ ಕೂರಿಸಿದರೆ ತಗಡು ತಗ್ಗಾಗುತ್ತದೆ. ಗ್ಯಾಸ್ ಕಡ್ಡಿ ಇರುವ ಕಾರಿನಲ್ಲಿ ಮಾತ್ರ ಲಾಕ್ ಮೇಲ್ಭಾಗದಲ್ಲಿ ಕೈಯಿಟ್ಟು ಒತ್ತಬೇಕು. ಎರಡರಲ್ಲೂ ಕೊನೆಗೆ ಅಂಚು ಹಿಡಿದು ಎತ್ತಿ ನೋಡುವುದನ್ನು ಮರೆಯಬೇಡಿ.

ಬಾನೆಟ್ ಕೆಳಗೆ ಎರಡೂ ಮೂಲೆಯಲ್ಲಿ ತಿರುಗಿಸುವ ರಬ್ಬರ್ ಗುಬ್ಬಿಗಳಿವೆ. ಬಾನೆಟ್ ಗಡಗಡ ಅಂದರೆ ಅರ್ಧ ಸುತ್ತು ಮೇಲಕ್ಕೆ ತಿರುಗಿಸಿ. ಜೋರಾಗಿ ಬಡಿದರೆ ಮಾತ್ರ ಲಾಕ್ ಆಗುತ್ತಿದ್ದರೆ ಅರ್ಧ ಸುತ್ತು ಕೆಳಕ್ಕೆ. ಶಬ್ದ ನಿಲ್ಲಿಸಲು ಟ್ಯೂಬಿನ ತುಂಡು, ಮರದ ಚಕ್ಕೆ ತುರುಕಬೇಡಿ.

ಹೆಜ್ಜೆ 5: ಕ್ಲೇ ಇಟ್ಟು ಖಾಲಿ ಜಾಗ ಅಳೆಯುವುದು

ಇಡೀ ಮಾರ್ಗದರ್ಶಿಯಲ್ಲಿ ಯಾರೂ ಮಾಡದ ಕೆಲಸ ಇದು, ಎಲ್ಲರೂ ಮಾಡಬೇಕಾದದ್ದೂ ಇದೇ. ಕ್ಲೇಯನ್ನು ಅಂಗೈ ಎತ್ತರದ ಗೋಪುರಗಳಾಗಿ ಮಾಡಿ, ಮೇಲೆ ತೆಳು ಪ್ಲಾಸ್ಟಿಕ್ ಸುತ್ತಿ, ಬ್ಯಾಟರಿ ಮೇಲೆ, ಎಂಜಿನ್ ಕವರ್ ಮೇಲೆ, ಏರ್ ಫಿಲ್ಟರ್ ಡಬ್ಬಿ, ಬ್ರೇಕ್ ಆಯಿಲ್ ಡಬ್ಬಿ, ಶಾಕ್ ಅಬ್ಸಾರ್ಬರ್ ತುದಿ, ನೀವು ಹೊಸದಾಗಿ ಹಾಕಿಸಿದ ಯಾವುದೇ ಸಾಮಾನಿನ ಮೇಲೆ ಇಡಿ. ಬಾನೆಟ್ಟನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ಇಳಿಸಿ, ಮುಚ್ಚಿ, ಮತ್ತೆ ತೆರೆಯಿರಿ. ಚಪ್ಪಟೆಯಾದ ಕ್ಲೇಯ ದಪ್ಪವೇ ಅಲ್ಲಿರುವ ಖಾಲಿ ಜಾಗ.

ಏಳೆಂಟು ಸೆಂ.ಮೀ. ಸಿಕ್ಕರೆ ಒಳ್ಳೆಯದು. ಎಲ್ಲ ಕಡೆ ಅಷ್ಟು ಇರುವುದಿಲ್ಲ, ಕಂಪನಿಯಿಂದ ಬಂದದ್ದನ್ನು ನಾವು ಬದಲಿಸಲೂ ಆಗುವುದಿಲ್ಲ. ನಮ್ಮ ಕೈಯಲ್ಲಿರುವುದು ನಾವು ಸೇರಿಸಿದ್ದು. ಅಳತೆಗೆ ಮೀರಿದ ಎತ್ತರದ ಬ್ಯಾಟರಿ, ಅದನ್ನು ಬಿಗಿಯಲು ಹಾಕಿಸಿದ ದಪ್ಪ ಕಬ್ಬಿಣದ ಪಟ್ಟಿ, ಎರಡು ಶಾಕ್ ಅಬ್ಸಾರ್ಬರ್ ತುದಿಗಳ ನಡುವೆ ಅಡ್ಡ ಹಾಕಿಸಿದ ಸರಳು, ಲಾಕ್ ಪಕ್ಕದಲ್ಲೇ ಬೋಲ್ಟ್ ಮಾಡಿದ ಲಾರಿ ಹಾರನ್. ಇವು ಸರಿಯಾಗಿ ಆ ಐದು ಸೆಂ.ಮೀ. ಜಾಗ ತಿನ್ನುತ್ತವೆ. ಹಾರನ್ ಅನ್ನು ಕೆಳಕ್ಕೆ, ಬಂಪರ್‌ನ ಹಿಂಬದಿಗೆ ಇಳಿಸಿ. ಬ್ಯಾಟರಿ ಕಂಪನಿ ಹೇಳಿದ ಅಳತೆಯದ್ದೇ ಹಾಕಿ.

ಕಳ್ಳತನಕ್ಕೆ ಹೆದರಿ ಬಾನೆಟ್ ಮೇಲೆ ಪಿನ್, ಚಿಲಕ, ಬೀಗ ಹಾಕಿಸುವವರೂ ಇದ್ದಾರೆ. ಮೇಲೆ ಚಾಚಿದ ಕಬ್ಬಿಣದ ಮೊನೆ ಮಗುವಿನ ವಲಯದಲ್ಲಿ ಇರಲೇಬಾರದು.

ಹೆಜ್ಜೆ 6: ಮುಂದಿನ ಕಬ್ಬಿಣದ ಗಾರ್ಡ್ ಬಿಚ್ಚಿಸಿ

ಬಂಪರ್ ಮುಂದೆ ಕಟ್ಟುವ ಕ್ರ್ಯಾಶ್ ಗಾರ್ಡ್ ಮೇಲಿನ ಎಲ್ಲ ಲೆಕ್ಕವನ್ನೂ ಅಳಿಸಿಹಾಕುತ್ತದೆ. ಬಗ್ಗುವ ಬಂಪರ್ ಬದಲು ಬಗ್ಗದ ಪೈಪು ಮಗುವಿನ ಎದೆಗೆ, ತಲೆಗೆ ಬಡಿಯುತ್ತದೆ. ಏರ್‌ಬ್ಯಾಗ್ ಬಿಚ್ಚಿಕೊಳ್ಳುವ ಹೊತ್ತನ್ನೂ ಅದು ಕೆಡಿಸಬಹುದು. ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ಇವುಗಳ ಮೇಲೆ ಕ್ರಮ ಕೈಗೊಳ್ಳಲು ರಾಜ್ಯಗಳಿಗೆ ಸೂಚಿಸಿದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಇದು ಅಕ್ರಮ ಮಾರ್ಪಾಡು. ನನ್ನ ಶೆಡ್‌ನಲ್ಲೂ ಹಿಂದೆ ಇವನ್ನು ಹಾಕಿಕೊಟ್ಟಿದ್ದೇವೆ. ಈಗ ಬಿಚ್ಚಲು ಮಾತ್ರ ಕೈ ಹಾಕುತ್ತೇನೆ, ಅದಕ್ಕೆ ಕೂಲಿ ತೆಗೆದುಕೊಳ್ಳುವುದಿಲ್ಲ.

ಹೆಜ್ಜೆ 7: ತಾನೇ ಮೇಲೇಳುವ ಬಾನೆಟ್ ಇದ್ದರೆ

ದುಬಾರಿ ಕಾರುಗಳಲ್ಲಿ ಖಾಲಿ ಜಾಗ ಸಾಲದ್ದಕ್ಕೆ ಇನ್ನೊಂದು ಉಪಾಯ ಮಾಡಿದ್ದಾರೆ. ಬಂಪರ್ ಒಳಗಿನ ಸಂವೇದಕಗಳು, ಕೆಲವದರಲ್ಲಿ ಉದ್ದಕ್ಕೆ ಹಾಸಿದ ಗಾಳಿಯ ಕೊಳವೆ, ತಾಗಿದ್ದು ಮನುಷ್ಯನ ಕಾಲು ಎಂದು ಗುರುತಿಸಿದ ಕೂಡಲೇ ಬಾನೆಟ್‌ನ ಹಿಂಭಾಗದ ಕೀಲುಗಳ ಹತ್ತಿರ ಸಣ್ಣ ಸಿಡಿಮದ್ದಿನ ಅಥವಾ ಸ್ಪ್ರಿಂಗಿನ ತಳ್ಳುಕ ಕೆಲಸ ಮಾಡಿ ಬಾನೆಟ್ ಹಿಂದೆ ಕೆಲವು ಸೆಂ.ಮೀ. ಮೇಲೇಳುತ್ತದೆ. ತಲೆ ಬಂದು ಬೀಳುವಷ್ಟರಲ್ಲಿ ಕೆಳಗೆ ಜಾಗ ಆಗಿರುತ್ತದೆ. 2005ರಲ್ಲಿ ಯುರೋಪಿನಲ್ಲಿ ಸ್ಟಾರ್ ಕೊಡುವ ಯೂರೋ ಎನ್‌ಕ್ಯಾಪ್‌ನ ಪಾದಚಾರಿ ಪರೀಕ್ಷೆಯಲ್ಲಿ ಮೊದಲ ಬಾರಿಗೆ 4 ಸ್ಟಾರ್ ಪಡೆದ ಸಿಟ್ರೋಯೆನ್ ಸಿ6ನಲ್ಲಿ ಇದಿತ್ತು. 2012ರ ವೋಲ್ವೊ ವಿ40 ಇನ್ನೂ ಮುಂದೆ ಹೋಗಿ, ಗಾಜಿನ ಬುಡಕ್ಕೆ ಹೊರಗಡೆಯೇ ಏರ್‌ಬ್ಯಾಗ್ ತಂದಿತು.

ಹಿಂಭಾಗ ಏಳುವಾಗ ಮುಂಭಾಗವನ್ನು ಹಿಡಿದಿಡುವುದು ಇದೇ ನಮ್ಮ ಲಾಕ್. ಅದು ಅರ್ಧ ಕಚ್ಚಿಕೊಂಡಿದ್ದರೆ ಲೆಕ್ಕವೆಲ್ಲಾ ತಪ್ಪುತ್ತದೆ. ಹಾಗಾಗಿ ಇಂಥ ಕಾರಿನವರು 2, 3ನೇ ಹೆಜ್ಜೆಗಳನ್ನು ಇನ್ನಷ್ಟು ಶ್ರದ್ಧೆಯಿಂದ ಮಾಡಬೇಕು. ಆದರೆ ಹಿಂದಿನ ಕೀಲುಗಳಿಗೆ ಕೈ ಹಾಕಬೇಡಿ, ಅಲ್ಲಿ ಸುತ್ತಿಗೆ, ಬೆಸುಗೆ ಅಂತೂ ಬೇಡವೇ ಬೇಡ. ಮದ್ದು ಸಿಡಿದರೆ ಕೈ ಹೋಗುತ್ತದೆ. ಡ್ಯಾಶ್‌ಬೋರ್ಡ್‌ನಲ್ಲಿ ಅದರ ದೀಪ ಹತ್ತಿದರೆ, ಅಥವಾ ಬಾನೆಟ್ ಒಮ್ಮೆ ಮೇಲೆದ್ದಿದ್ದರೆ, ಕಾರಿನ ಪುಸ್ತಕ ಹೇಳಿದ ಹಾಗೆ ಮಾಡಿ, ತರಬೇತಾದವರ ಕೈಗೇ ಕೊಡಿ.

ದಾರಿಯಲ್ಲಿ ಬಾನೆಟ್ ಎದ್ದರೆ

ಜೋರಾಗಿ ಬ್ರೇಕ್ ಒತ್ತಬೇಡಿ, ಹಿಂದಿನವರು ಗುದ್ದುತ್ತಾರೆ. ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ನಾಲ್ಕೂ ಇಂಡಿಕೇಟರ್ ಹಾಕಿ, ವೇಗ ಇಳಿಸುತ್ತಾ ಎಡಕ್ಕೆ ಬನ್ನಿ. ಬಾನೆಟ್ ಪೂರ್ತಿ ಗಾಜಿಗೆ ಬಡಿದಿದ್ದರೆ ಅದರ ಕೆಳಗಿನ ಸಂದಿನಿಂದ ಬಗ್ಗಿ ನೋಡಿ, ಇಲ್ಲವೇ ಬಲಗಿಟಕಿಯಿಂದ ತಲೆ ಸ್ವಲ್ಪ ಹೊರಗೆ ಹಾಕಿ. ನಿಂತ ಮೇಲೆ ಬರೀ ಬಡಿದು ಮುಚ್ಚಿ ಹೊರಟುಬಿಡಬೇಡಿ. ಲಾಕ್ ಕಚ್ಚುತ್ತಿಲ್ಲ ಅಂದರೆ ಗಾಡಿ ಎಳೆಸಿ.

ಹೆಜ್ಜೆ 8: ಟಿಂಕರಿಂಗ್ ಆದ ಮೇಲೆ

ಮುಂದೆ ಸಣ್ಣ ಗುದ್ದಾಗಿ ಲಾಕ್ ಅಡ್ಡಪಟ್ಟಿ ಬಗ್ಗಿದರೆ ಅದನ್ನು ತಟ್ಟಿ ನೇರ ಮಾಡಿ, ಮೇಲೊಂದು ದಪ್ಪ ಪಟ್ಟಿ ಬೆಸುಗೆ ಹಾಕುವುದು ನಮ್ಮ ಕೆಲಸದ ಹಳೇ ಅಭ್ಯಾಸ. ಗಿರಾಕಿಗೂ ಸಂತೋಷ, ‘ಈಗ ಗಟ್ಟಿಯಾಯಿತು’ ಅನ್ನುತ್ತಾರೆ. ನಾನೂ ವರ್ಷಗಟ್ಟಲೆ ಹಾಗೇ ಮಾಡಿದ್ದೇನೆ, ಅದು ತಪ್ಪು. ಬಗ್ಗಲೆಂದು ಮಾಡಿದ ಜಾಗವನ್ನು ಬಗ್ಗದಂತೆ ಮಾಡಿ ಕಳಿಸಿದ್ದೆ. ಮಡ್‌ಗಾರ್ಡ್ ಬ್ರಾಕೆಟ್‌ಗೂ ಇದೇ ಮಾತು.

ಕಾರು ವಾಪಸ್ ತರುವಾಗ ಬಾನೆಟ್ ಎತ್ತಿಸಿ ಕೇಳಿ: ಪಟ್ಟಿ ಹೊಸದೋ, ತಟ್ಟಿದ್ದೋ? ಬೆಸುಗೆ ಎಲ್ಲಿ ಹಾಕಿದ್ದೀರಿ? ಸ್ಟ್ರೈಕರ್ ಕೆಳಗೆ ವಾಷರ್ ಎಷ್ಟು? ಹೊಂದಿಸುವುದಕ್ಕೆ ಲಾಕ್‌ನ ಬೋಲ್ಟ್ ತೂತುಗಳೇ ಉದ್ದುದ್ದ ಇರುತ್ತವೆ, ವಾಷರ್ ಗೋಪುರ ಬೇಕಿಲ್ಲ. ಆಮೇಲೆ ಬಾನೆಟ್ ಮುಚ್ಚಿ ಎರಡೂ ಪಕ್ಕದ ಸಂದು ಸಮವಾಗಿದೆಯೇ ಎಂದು ಬೆರಳಾಡಿಸಿ. ಒಂದು ಕಡೆ ಅಗಲ, ಒಂದು ಕಡೆ ಕಿರಿದಾಗಿದ್ದರೆ ಸ್ಟ್ರೈಕರ್ ಕವೆಯ ನಡುವೆ ಇಳಿಯುತ್ತಿಲ್ಲ, ಪಕ್ಕಕ್ಕೆ ಉಜ್ಜಿಕೊಂಡು ಇಳಿಯುತ್ತಿದೆ ಎಂದು ಅರ್ಥ. ಅನುಮಾನ ಬಂದರೆ ಸ್ಟ್ರೈಕರ್ ಮೇಲಿನ ಗ್ರೀಸ್ ಒರೆಸಿ, ಬಳಪ ಹಚ್ಚಿ, ಒಮ್ಮೆ ಮುಚ್ಚಿ ತೆರೆಯಿರಿ. ಬಳಪ ನಡುವೆ ಅಳಿಸಿರಬೇಕು. ಅಂಚಿನಲ್ಲಿ ಅಳಿಸಿದ್ದರೆ ಕೀ ಅವರ ಕೈಗೇ ಕೊಟ್ಟು, ಸರಿ ಮಾಡುವವರೆಗೂ ಅಲ್ಲೇ ಕೂತಿರಿ.